ಮಾರಾಟಕ್ಕಿಲ್ಲದ ನಾಯಿ

ಹುಬ್ಬಳ್ಳಿ ಪೇಟೆಯಲ್ಲಿ ಸ್ವೆಟರಿಗೆ ಒಂದು ಬೆಲೆ, ಅದನ್ನು ತೂಗುಹಾಕುವ ಗಳಕ್ಕೆ ಒಂದು ಬೆಲೆ, ಆ ಗಳ ನಿಲ್ಲಿಸುವ ಗೇಣು ನೆಲಕ್ಕೂ ಬಾಡಿಗೆ. ಹೊದಿಸುವ ತಾಡಪತ್ರಿ ಸಹ ಪುಕ್ಕಟೆ ಬರುವುದಿಲ್ಲ. ನಾನು ಹುಟ್ಟಿದ ಮನೆಯಲ್ಲಿ ನನಗೆ ಮಾತ್ರ ಬೆಲೆ ಇರಲಿಲ್ಲ. ನಮ್ಮ ಜಾತಿಯನ್ನು ಮಾರಬಾರದೆಂಬುದು ಆ ಮನೆಯ ಕಟ್ಟಳೆ. ಋಣ ದೊಡ್ಡದಾದಾಗ ಕೈಯೆತ್ತಿ ಕೊಡಬಹುದು, ಅಷ್ಟೆ.

ನಾನು ಒಂದು ಅಪ್ಸೋ ನಾಯಿ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ, ಡೋಲ್ಕರ್ ಎಂಬ ವಿಧವೆಯ ಮಂಚದ ಕೆಳಗೆ ಹುಟ್ಟಿದೆ. ನಮ್ಮ ಹಿರಿಯರು ಲ್ಹಾಸಾದ ಮಠಗಳಲ್ಲಿ, ದೊಡ್ಡ ಮನೆಗಳಲ್ಲಿ ಇದ್ದವರಂತೆ. ಹೊರಬಾಗಿಲಿಗೆ ಕರುವಿನಷ್ಟು ದೊಡ್ಡ ನಾಯಿಯನ್ನು ಕಟ್ಟುತ್ತಿದ್ದರು. ಅದನ್ನು ಎಬ್ಬಿಸುವ ಕೆಲಸ ಒಳಗಿದ್ದ ನಮ್ಮದು. ಮೈ ಗಿಡ್ಡ, ಕಿವಿ ಚುರುಕು, ಹೊಸಬರ ಮೇಲೆ ಬೇಗ ನಂಬಿಕೆ ಹುಟ್ಟುವುದಿಲ್ಲ. ಕಣ್ಣಿನ ಮೇಲೆ ಇಳಿಬಿದ್ದ ಕೂದಲು ಹಿಮದ ಬೆಳಕಿಗೂ ಗಾಳಿಗೂ ಪರದೆ. ಮುಂಡಗೋಡದಲ್ಲಿ ಹಿಮವೆಲ್ಲಿಯದು? ಗೋವಿನಜೋಳದ ಹೊಲ, ಕೆಂಪು ಧೂಳು. ಕೂದಲಿಗೆ ಅದು ಗೊತ್ತಾಗಲಿಲ್ಲ, ಬೆಳೆಯುತ್ತಲೇ ಹೋಯಿತು.

ಡೋಲ್ಕರಳ ತಾಯಿ ಗಡಿ ದಾಟುವಾಗ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ನನ್ನ ಮೂಲದ ಅಜ್ಜಿಯನ್ನು ನಿಲುವಂಗಿಯ ಮಡಿಕೆಯಲ್ಲಿ ಇಟ್ಟುಕೊಂಡು ಬಂದಳಂತೆ. ಆ ಮಗಳಿಗೆ ಈಗ ಕಿವಿ ಪೂರಾ ಹೋಗುತ್ತ ಬಂದಿತ್ತು. ಯಾರಾದರೂ ಬಾಗಿಲು ಬಡಿದರೆ ನಾನು ಅವಳ ಮೊಣಕಾಲಿಗೆ ಮೂತಿ ಒತ್ತುತ್ತಿದ್ದೆ. ಕುಕ್ಕರ್ ಕೂಗಿದರೆ ಅಂಗಿಯ ಅಂಚು ಎಳೆಯುತ್ತಿದ್ದೆ. ರಸ್ತೆಯಲ್ಲಿ ಹಿಂದಿನಿಂದ ಲಾರಿ ಬಂದರೆ ಅಡ್ಡ ನಿಲ್ಲುತ್ತಿದ್ದೆ. ಅವಳ ಕಿವಿ ಎಂದರೆ ನಾನೇ.

ಚಳಿಗಾಲಕ್ಕೆ ಕ್ಯಾಂಪಿನವರೆಲ್ಲ ಸ್ವೆಟರ್ ಮಾರಲು ಊರೂರಿಗೆ ಹೋಗುತ್ತಾರೆ. ನಾವು ಹುಬ್ಬಳ್ಳಿಗೆ ಹೋಗಿ, ಹಿಟ್ಟಿನ ಗಿರಣಿಯ ಕಾಶವ್ವನ ಹಿತ್ತಲ ಕೋಣೆಯಲ್ಲಿ ಇಳಿಯುತ್ತಿದ್ದೆವು. ಒಂದು ವರ್ಷ ಡೋಲ್ಕರಳಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಕಾಶವ್ವ ಅವಳನ್ನು ತನ್ನ ಪಡಸಾಲೆಗೇ ತಂದು ಮಲಗಿಸಿದಳು. ಗಂಜಿ ಕುಡಿಸಿದಳು, ಮೈ ಒರೆಸಿದಳು, ವಾಂತಿ ಬಳಿದಳು. ಬದುಕುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದ ಡೋಲ್ಕರ್ ಎದ್ದು ಕುಳಿತಳು.

ಚೇತರಿಸಿಕೊಂಡ ಮೇಲೆ ಒಂದು ದಿನ ಕಾಶವ್ವ ನನ್ನ ಕೂದಲು ಕೆದರುತ್ತ ಕೂಗಿ ಕೇಳಿದಳು: “ಡೋಲ್ಕರವ್ವಾ, ಈ ಸಂಗಪ್ಪನ್ನ ನನಗ ಮಾರಬಿಡ. ಎಷ್ಟ ತಗೋತಿ?” ನನ್ನ ಹೆಸರು ಸೆಂಗೆ, ಅಂದರೆ ಸಿಂಹ. ಅದು ಆಕೆಯ ನಾಲಿಗೆಗೆ ಹೊರಳದೆ ಸಂಗಪ್ಪನಾಗಿದ್ದೆ.

“ಮಾರಂಗಿಲ್ಲ, ಅಕ್ಕಾ. ಪಾಪ.”

“ಹಂಗಾರ ಪುಕ್ಕಟನ ಕೊಡು!” ಕಾಶವ್ವ ನಕ್ಕಳು.

ನಕ್ಕು ಕೇಳಿದರೂ ಕೇಳಿದ್ದು ಜೀವ ಉಳಿಸಿದ ಬಾಯಿ. ಊರಿಗೆ ಹೊರಡುವ ಬೆಳಿಗ್ಗೆ ಡೋಲ್ಕರ್ ಆಕೆಯ ಕೊರಳಿಗೆ ಬಿಳಿ ರೇಷ್ಮೆಯ ವಸ್ತ್ರ ಹಾಕಿ, ನನ್ನನ್ನು ಮಡಿಲಿಗಿಟ್ಟಳು. ಕಾಶವ್ವ ಗಾಬರಿಯಾದಳು. “ಹುಚ್ಚಿ! ನಿನ್ನ ಕಿವೀಗೆ ಯಾರದಾರ?”

“ಕಣ್ಣ ಅದಾವಲ್ಲ,” ಎಂದಳು ಡೋಲ್ಕರ್.

ಇವನನ್ನು ಯಾರಿಗೂ ಮಾರಬೇಡ ಎಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅವರ ಕಡೆ ಅದನ್ನು ಯಾರೂ ಹೇಳುವುದಿಲ್ಲ. ಉಂಡ ತಟ್ಟೆಗೆ ಉಗುಳಬೇಡ ಎಂದು ಯಾರಾದರೂ ಹೇಳಿಕೊಡುತ್ತಾರೆಯೆ?

ಕಾಶವ್ವ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಳು. ಅವಳ ಮಗ ಈರಣ್ಣನಿಗೆ ಮಾತ್ರ ನಾನು ಸೇರುತ್ತಿರಲಿಲ್ಲ. ಬೇಸಿಗೆಯಲ್ಲಿ ಅವನ ಸಂಬಂಧ ಗೊತ್ತುಮಾಡಲು ಬೀಗರಾಗುವವರು ಬಂದರು. ಒಳಗೆ ಹೊಸಬರು ಕಂಡರೆ ಕೂಗುವುದು ನನ್ನ ಹುಟ್ಟುಗುಣ. ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಹಿರಿಯರೊಬ್ಬರು ಬೆಚ್ಚಿ, ಉಪ್ಪಿಟ್ಟೆಲ್ಲ ಜರಿ ಧೋತರದ ಮೇಲಾಯಿತು.

“ಈ ಹಾಳ ನಾಯಿ ನನ್ನ ಲಗ್ನಾ ಮುರೀತದ ನೋಡಬೇ!” ಈರಣ್ಣ ಕುಣಿದಾಡಿದ. “ಪುಕ್ಕಟ ಬಂದದ್ದು. ಮಾರಿದ್ರ ಬಂದದ್ದೆಲ್ಲಾ ಲಾಭನ.”

“ಕೊಟ್ಟಾಕಿಗೆ ಏನ ಹೇಳ್ಲಿ?” ಎಂದಳು ಕಾಶವ್ವ. ಆದರೂ ಅವನು ನನ್ನನ್ನು ಎತ್ತಿಕೊಂಡು ಹೊರಟಾಗ ಒಲೆಯ ಮುಂದಿನಿಂದ ಏಳಲಿಲ್ಲ.

ನಾನು ಪೇಟೆಯ ನಾಯಿ ಅಂಗಡಿಯ ಪಂಜರ ಸೇರಿದೆ. ಉಷ್ಣವಾಗುತ್ತದೆಂದು ಮಾಲೀಕ ನನ್ನ ಕಣ್ಣಿನ ಕೂದಲು ಕತ್ತರಿಸಿದ. ಅಂದಿನಿಂದ ಹಗಲೆಲ್ಲ ಕಣ್ಣಲ್ಲಿ ನೀರು. ವಯಸ್ಸು ಕೇಳಿ ಗಿರಾಕಿಗಳು ಮರಿಗಳತ್ತ ತಿರುಗುತ್ತಿದ್ದರು.

ಮತ್ತೆ ಚಳಿ ಬಿತ್ತು. ಒಂದು ಮಧ್ಯಾಹ್ನ ಬೀದಿಯ ಗದ್ದಲದಲ್ಲಿ ಪರಿಚಯದ ಹೆಜ್ಜೆ ಕೇಳಿತು. ಡೋಲ್ಕರ್! ಪಕ್ಕದಲ್ಲಿ ಕಾಶವ್ವ. ನಾನು ಸರಳುಗಳಿಗೆ ಮೈ ಬಡಿದು ಕೂಗಿದೆ. ಅಂಗಡಿಯ ಗಿಳಿಗಳೆಲ್ಲ ಹೆದರಿ ರೆಕ್ಕೆ ಬಡಿದವು. ಕಾಶವ್ವ ತಿರುಗಿದಳು. ನನ್ನನ್ನು ನೋಡಿದಳು. ಡೋಲ್ಕರಳ ತೋಳು ಹಿಡಿದು ತನ್ನ ಆಚೆ ಬದಿಗೆ ಸರಿಸಿಕೊಂಡಳು.

ಕಿವುಡಿಗೆ ಸುಳ್ಳನ್ನೂ ಕೂಗಿಯೇ ಹೇಳಬೇಕು. ಹಾಗಾಗಿ ನನಗೂ ಕೇಳಿತು: “ಎಷ್ಟ ಸಲ ಕೇಳ್ತೀಯವ್ವಾ? ಸತ್ತ ಅಂವ. ಮಳಿಗಾಲದಾಗ ಸತ್ತ.”

“ಒಬ್ಬನ ಇದ್ನೇನ, ಸಾಯೂ ಮುಂದ?”

“ಇಲ್ಲ. ನನ್ನ ತೊಡಿ ಮ್ಯಾಲ.”

ಡೋಲ್ಕರ್ ನಡುಬೀದಿಯಲ್ಲಿ ನಿಂತು ಆಕೆಗೆ ಕೈ ಮುಗಿದಳು. “ದೊಡ್ಡ ಮನಸ ನಿಂದು, ಅಕ್ಕಾ.” ನಾನು ಗಂಟಲು ಕಟ್ಟುವವರೆಗೆ ಕೂಗಿದೆ. ಇಬ್ಬರೂ ತಿರುವಿನಲ್ಲಿ ಮರೆಯಾದರು.

ಮರುದಿನ ಕಾಶವ್ವ ಒಬ್ಬಳೇ ಬಂದಳು. ಮಾಲೀಕ ಹೇಳಿದ ಬೆಲೆಗೆ ಚೌಕಾಶಿ ಮಾಡಲಿಲ್ಲ. ಸೊಂಟದ ಸಂಚಿ ಬಿಚ್ಚಿದಳು. ಅಷ್ಟರಲ್ಲಿ ಕೈ ನಿಂತಿತು. ಸರಳಿನ ನಡುವೆ ಬೆರಳು ತೂರಿಸಿ ನನ್ನ ಹಣೆ ಕೆರೆದಳು. “ಸತ್ತಾನ ಅಂದೇನಿ. ಇನ್ನ ನಿನ್ನ ಒಯ್ದ ಎಲ್ಲೆ ಇಡಲೋ, ಸಂಗಪ್ಪಾ?” ಸಂಚಿ ಕಟ್ಟಿಕೊಂಡು ಹೋದಳು. ನನಗೆ ಸಿಟ್ಟು ಬರಲಿಲ್ಲ. ಒಂದು ಸುಳ್ಳು ಹೇಳಿದ ಮನೆಯಲ್ಲಿ ಬದುಕಿರುವ ನಾಯಿಗೆ ಜಾಗ ಸಾಲುವುದಿಲ್ಲ.

ಮುಂದೆ ಧಾರವಾಡದ ನಿವೃತ್ತ ಮಾಸ್ತರರೊಬ್ಬರು ಅರ್ಧ ಬೆಲೆಗೆ ನನ್ನನ್ನು ಕೊಂಡರು. ನಮ್ಮ ಜಾತಿಗೆ ಆಯಸ್ಸು ಗಟ್ಟಿ. ಹಾಗಾಗಿ ಅವರ ಮೆಟ್ಟಿಲ ಕೆಳಗೆ, ಗೋಣಿಚೀಲದ ಮೇಲೆ ಇನ್ನೂ ಇದ್ದೇನೆ. ಹೊತ್ತಿಗೆ ಸರಿಯಾಗಿ ಹಾಲು ಅನ್ನ ಬರುತ್ತದೆ. ಈ ಮನೆಯಲ್ಲಿ ಎಲ್ಲರಿಗೂ ಕಿವಿ ಚೆನ್ನಾಗಿ ಕೇಳಿಸುತ್ತದೆ. ಬಾಗಿಲು ಬಡಿದರೆ ನಾನು ಏಳುವಷ್ಟರಲ್ಲಿ ಯಾರೋ ತೆಗೆದಿರುತ್ತಾರೆ. ಈರಣ್ಣನಿಗೆ ಸ್ವಲ್ಪ ಹಣ ಸಿಕ್ಕಿತು. ಡೋಲ್ಕರ್ ತನ್ನ ಕಿವಿಯನ್ನು ಕಳೆದುಕೊಂಡಳು. ನಾನು ನನ್ನ ಕೆಲಸವನ್ನು ಕಳೆದುಕೊಂಡೆ.