ನೀರು ಹಾಕುವ ಹೊತ್ತು

"ಆ ಕೂಸು ಹೊಂಟೋಯ್ತದೆ ಕಣ್ಲಾ," ಎಂದಳು ಹನುಮಕ್ಕ, ನಿಟ್ಟೂರಿನಿಂದ ಫೋನಿನಲ್ಲಿ.

ಅನಂತರಾಜುವಿನ ಎಡಗೈಯಲ್ಲಿ ಕನ್ನಡಕದ ಫ್ರೇಮು, ಬಲಗೈಯಲ್ಲಿ ರಾಗಿಕಾಳಿನಷ್ಟು ಸಣ್ಣ ಸ್ಕ್ರೂ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ. ಕೌಂಟರಿನ ಆಚೆ ಕೂತಿದ್ದ ಮುದುಕರೊಬ್ಬರು ತಮ್ಮ ಕನ್ನಡಕವನ್ನು ರಿಪೇರಿಗೆ ಕೊಟ್ಟು, ಬರಿಗಣ್ಣಿನಲ್ಲಿ ಅವನ ಮುಖವಿರಬಹುದಾದ ಕಡೆಗೆ ನೋಡುತ್ತಿದ್ದರು. ಹೊರಗೆ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ದಸರಾ ವ್ಯಾಪಾರದ ಗದ್ದಲ.

"ಯಾವ ಕೂಸವ್ವ?" ಎಂದ. ಕೇಳುವಾಗಲೇ ಅವನಿಗೆ ಗೊತ್ತಿತ್ತು.

"ಯಾವ ಕೂಸು ಅಂತೀಯಲ್ಲ! ಪಕ್ಕದ್ಮನೆ ಚೆನ್ನಮ್ಮನ ಮೊಮ್ಮಗು. ಐದನೇ ತಿಂಗ್ಳಲ್ಲೇ ಗಂಡನ್ಮನೆಗೆ ಕಳಿಸ್ಬೇಕು, ಆರಕ್ಕೆ ಬಿದ್ರೆ ಕಳ್ಸಂಗಿಲ್ಲ ಅಂತ ಅವ್ಳು ಕುಣೀತಾವ್ಳೆ. ಭಾನ್ವಾರ ಕುಣಿಗಲ್ಲಿಂದ ಅಳಿಯ ಕಾರು ತರ್ತಾನಂತೆ. ಬಾಣಂತನ ಮುಗೀತು ಬುಡು. ಇನ್ಮೇಲೆ ಸಂಜೆ ಫೋನಿಗೆ ನಾನೇನ್ಲಾ ಮಾಡ್ಲಿ? ನಾನೇ ಕುಂತ್ಕಂಡು ಅಳ್ಲಾ?"

ಸ್ಕ್ರೂ ಕೈಜಾರಿತು. ಅನಂತರಾಜು ಬಗ್ಗಿ ಕೌಂಟರಿನ ಕೆಳಗಿನ ನೆಲವನ್ನು ಅಂಗೈಯಿಂದ ಸವರತೊಡಗಿದ.

"ಸಂಜೆ ಮಾತಾಡ್ತೀನಿ, ಇಡವ್ವ."

"ಮಾನಸನ್ನ ಕರ್ಕಂಡು ಈ ಕಡೆ ಬಂದುಗಿಂದೀಯ. ಚೆನ್ನಮ್ಮ ಮೊದ್ಲೇ ಅನುಮಾನದ ಹೆಂಗ್ಸು," ಎಂದು ಹನುಮಕ್ಕ ಫೋನಿಟ್ಟಳು.

ಆ ಸುಳ್ಳನ್ನು ಅನಂತರಾಜು ಬೇಕೆಂದು ಹೇಳಿದ್ದಲ್ಲ. ಆಷಾಢದಲ್ಲಿ, ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದ ಅವನ ಗಂಡುಕೂಸು ಹೊರಗೆ ಬಂದದ್ದು ಒಂದು ಟವೆಲಿನಲ್ಲಿ. ಇನ್ನೂ ಹೆಸರಿಟ್ಟಿರಲಿಲ್ಲ, ಹಲ್ಲು ಮೂಡಿರಲಿಲ್ಲ. ಆ ದಿನಗಳಲ್ಲಿ ಹಿರಿಮಗಳು ಹೇಮಶ್ರೀಯನ್ನು ಗುಬ್ಬಿಯಲ್ಲಿ ಸೋದರಮಾವನ ಮನೆಗೆ ಬಿಟ್ಟಿದ್ದರು. ಎಲ್ಲ ಮುಗಿದ ಮೇಲೆ ಕರೆತಂದಾಗ ಅವಳು ಚಪ್ಪಲಿಯನ್ನೂ ಬಿಚ್ಚದೆ ಸೀದಾ ಸೀರೆಯ ಜೋಲಿಯ ಹತ್ತಿರ ಹೋಗಿ, ಒಳಗೆ ಇಣುಕಿ, "ಪಾಪು ಎಲ್ಲಿ?" ಎಂದಳು. ಹೆಂಡತಿ ಮಾನಸಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ನಿಟ್ಟೂರಲ್ಲಿ, ಅಜ್ಜಿ ಮನೇಲವ್ನೆ," ಎಂಬ ಮಾತು ಅನಂತರಾಜುವಿನ ಬಾಯಿಂದ ಬಂದುಬಿಟ್ಟಿತು. "ಹುಷಾರಾಗ್ಲಿ ಅಂತ ಬಿಟ್ಬಂದಿದೀವಿ." ನಾಲ್ಕು ದಿನ ತಳ್ಳಿದರೆ ಮರೆಯುತ್ತಾಳೆ ಎಂದುಕೊಂಡ. ಐದು ವರ್ಷದ ಮಕ್ಕಳು ಯಾವುದನ್ನು ಮರೆಯುತ್ತಾರೆ, ಯಾವುದನ್ನು ಮರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಹೇಮಿ ಫೋನು ಮಾಡಿಸಿದಳು. ಹನುಮಕ್ಕನದು ಬಟನ್ ಫೋನು. ಮುಖ ಕಾಣುವ ಭಯವಿರಲಿಲ್ಲ. ಅವಳು ಆಗ ಚೆನ್ನಮ್ಮನ ಹಿತ್ತಿಲಿನಲ್ಲಿ ಮಣೆಯ ಮೇಲೆ ಕೂತು, ಚಾಚಿದ ಕಾಲುಗಳ ಮೇಲೆ ಚೆನ್ನಮ್ಮನ ಮೊಮ್ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎಣ್ಣೆ ಹಚ್ಚಿ ನೀರು ಹಾಕಲು ಹನುಮಕ್ಕನೇ ಬೇಕು. ಸಂಜೆ ನೀರು ಹಾಕಿದರೆ ಕೂಸು ಬೆಳಗಿನ ತನಕ ಮಲಗುತ್ತದೆ ಎಂಬುದು ಅವಳ ಲೆಕ್ಕಾಚಾರ. "ಪಾಪು ಕೈಗೆ ಕೊಡಜ್ಜಿ" ಎಂದು ಮೊಮ್ಮಗಳು ಹಟ ಹಿಡಿದಾಗ ಚೆನ್ನಮ್ಮ ಸಾಂಬ್ರಾಣಿಗೆ ಕೆಂಡ ತರಲು ಒಳಗೆ ಹೋಗಿದ್ದಳು. ಹನುಮಕ್ಕ ಅತ್ತ ಇತ್ತ ನೋಡಿ, ಬಿಸಿನೀರಿಗೆ ಕಿರುಚುತ್ತಿದ್ದ ಕೂಸಿನ ಬಾಯಿಗೆ ಫೋನು ಹಿಡಿದಳು.

"ಕೇಳಿಸ್ತಾ? ನಿನ್ ತಮ್ಮ ಕಣೇ. ನೀರು ಅಂದ್ರೆ ಆಗಲ್ಲ ಮೂದೇವಿಗೆ."

ಅಂದಿನಿಂದ ಅದು ದಿನಚರಿಯಾಯಿತು.

ಅನಂತರಾಜು ಅಂಗಡಿಯಿಂದ ಬರುವುದು ಕತ್ತಲಾದ ಮೇಲೆ. ಹಾಗಾಗಿ ಅವನು ಆ ಫೋನನ್ನು ಒಮ್ಮೆಯೂ ಕೇಳಿರಲಿಲ್ಲ. ಅವ್ವ ಅಂಗಡಿಗೆ ಫೋನು ಮಾಡಿದ ಈ ದಿನ ಮಾತ್ರ ತಲೆನೋವೆಂದು ಹೇಳಿ ಬೇಗ ಮನೆಗೆ ಬಂದ. ಹೇಮಿ ನಡುಮನೆಯಲ್ಲಿ ಕೂತು ಫೋನನ್ನು ಸ್ಪೀಕರಿಗೆ ಹಾಕಿಕೊಂಡಿದ್ದಳು. ಕೂಸಿನ ಅಳು ಮನೆಯ ತುಂಬ ತುಂಬಿಕೊಂಡಿತ್ತು.

"ಅಳ್ಬೇಡ ಪಾಪು, ಕಣ್ ಮುಚ್ಕೊ, ಸೋಪು ಒಳಗೆ ಹೋಗಲ್ಲ. ಪಾಪು, ನಮ್ ಮಿಸ್ಸು ನಂಗೆ ಸ್ಟಾರ್ ಹಾಕಿದ್ರು." ಅಷ್ಟು ಹೇಳಿ ಅವಳು ಎದ್ದಳು. "ಸಾಕಮ್ಮ, ನಾನು ಆಡಕ್ಕೋಗ್ತೀನಿ. ತನುಶ್ರೀ ಕರೀತವ್ಳೆ."

"ಇನ್ನೊಂಚೂರು ಮಾತಾಡೇ," ಎಂದಳು ಮಾನಸಾ.

"ಅವ್ನು ಬರೀ ಅಳ್ತಾನೆ."

"ಅಳ್ಲಿ ಬಿಡು. ಕಟ್ ಮಾಡ್ಬೇಡ."

ಹೇಮಿ ಫೋನನ್ನು ನೆಲದ ಮೇಲೆ ಇಟ್ಟು ಓಡಿದಳು. ಮಾನಸಾ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪಿನ ಮೊರ ಹಿಡಿದು ನಿಂತಿದ್ದಳು. ಗಂಡ ಬಂದದ್ದನ್ನು ಅವಳು ನೋಡಲಿಲ್ಲ, ಕಣ್ಣು ಮುಚ್ಚಿದ್ದಳು. ಅವಳ ರವಿಕೆಯ ಎರಡೂ ಕಡೆ ಮೂಡಿದ ಒದ್ದೆ ಹಸಿರು ಬಟ್ಟೆಯನ್ನು ಕಪ್ಪಾಗಿಸುತ್ತ ನಿಧಾನ ಅಗಲವಾಗುತ್ತಿತ್ತು. ಅವಳು ಸೆರಗು ಎಳೆದುಕೊಳ್ಳಲಿಲ್ಲ.

ಕೂಸು ಹೋದ ವಾರ ಅವಳ ತಾಯಿ ದಿನಾ ಮಲ್ಲಿಗೆ ಹೂ ತಂದು ಎದೆಗೆ ಕಟ್ಟಿದ್ದರು, ಹಾಲು ಹಿಂಗಲೆಂದು. ಡಾಕ್ಟರು ಮಾತ್ರೆಯನ್ನೂ ಕೊಟ್ಟಿದ್ದರು. ಬಾಡಿದ ಮಲ್ಲಿಗೆಯ ವಾಸನೆ ಮನೆಯಿಂದ ಹೋದ ದಿನ, ಅದೂ ಮುಗಿಯಿತು ಎಂದುಕೊಂಡಿದ್ದ ಅವನು.

ಫೋನು ತಾನಾಗಿ ನಿಂತಿತು. ಮಾನಸಾ ಕಣ್ಣು ತೆರೆದಳು.

"ಯಾವಾಗ್ ಬಂದ್ರಿ?"

"ಮಾತ್ರೆ ತಗೊಳ್ತಿಲ್ವಾ ನೀನು?"

ಅವಳು ಒಳಗೆ ಹೋಗಿ ಸೊಪ್ಪು ಸೋಸಲು ಕೂತಳು. ಅವನೂ ಹಿಂದೆ ಹೋದ.

"ಅದು ಚೆನ್ನಮ್ಮನ ಮೊಮ್ಮಗು ಕಣೇ."

"ನಂಗೊತ್ತಿಲ್ವೇನ್ರೀ?" ಎಂದು ಅವಳು ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. ಆಮೇಲೆ ತನ್ನ ಎದೆಯ ಕಡೆಗೆ ಗದ್ದದಿಂದಲೇ ತೋರಿಸಿ, "ಇದಕ್ಕೆ ಗೊತ್ತಿಲ್ಲ," ಎಂದಳು.

ಅವನು ಬಗ್ಗಿ, ಚೆಲ್ಲಿದ ಕಡ್ಡಿಗಳನ್ನು ಗುಡ್ಡೆ ಮಾಡಿದ. ಕೊನೆಗೆ, "ಭಾನ್ವಾರ ಹೋಗ್ತದಂತೆ. ಕುಣಿಗಲ್‌ಗೆ," ಎಂದ.

ಮಾನಸಾ ಸೋಸಿದ ಸೊಪ್ಪನ್ನು ಪಾತ್ರೆಗೆ ಹಾಕಿದಳು.

"ಹಂಗಾದ್ರೆ ಶನಿವಾರ ಹೋಗಣ ನಿಟ್ಟೂರಿಗೆ."

"ಅವ್ವ ಬೇಡ ಅಂತು. ಊರಿಗೆ ಹೊರಟಿರೋ ಕೂಸಿನ ಮುಂದೆ..."

"ಕೂಸು ಕಳ್ಕೊಂಡೋಳು ಬರ್ಬಾರ್ದು. ಹೇಳಿ, ಪರವಾಗಿಲ್ಲ. ನಾನೇನು ಒಳಗೆ ಬರಲ್ಲ, ಬೇಲಿ ಆಚೆ ನಿಂತ್ಕೋತೀನಿ. ಒಂದ್ಸಲ ಫೋನಿಲ್ದೆ ಕೇಳ್ಬೇಕು, ಅಷ್ಟೆ."

"ಮತ್ತೆ ಹೇಮಿ?"

"ಅವ್ಳಿಗೆ ನೀವು ಹೇಳಿ. ಅಜ್ಜಿ ಮನೇಲವ್ನೆ ಅಂದೋರು ನೀವಲ್ವಾ."

ಶನಿವಾರ ಮಧ್ಯಾಹ್ನದ ಪ್ಯಾಸೆಂಜರ್ ರೈಲಿನಲ್ಲಿ ಹೇಮಿ ಕಿಟಕಿಯ ಪಕ್ಕ ಕೂತಳು. ಕೈಯಲ್ಲಿ ಕೆಂಪು ಗಿಲಕಿ ಇತ್ತು. ತಮ್ಮನಿಗೆಂದು ಅವಳೇ ಅಂಗಡಿಯಲ್ಲಿ ಆರಿಸಿದ್ದು. ರೈಲು ಕುಲುಕಿದಂತೆಲ್ಲ ಅದು ತಾನಾಗಿ ಸದ್ದು ಮಾಡುತ್ತಿತ್ತು. ಊರು ದಾಟಿದ ಮೇಲೆ ಹೇಳೋಣ ಎಂದುಕೊಂಡ ಅನಂತರಾಜು. ಊರು ದಾಟಿತು. ಗುಬ್ಬಿ ಬರಲಿ ಎಂದುಕೊಂಡ. ಗುಬ್ಬಿಯಲ್ಲಿ ಎಳನೀರಿನವನು ಹತ್ತಿದ, ಹೇಮಿಗೆ ಎಳನೀರು ಕುಡಿಸಿದ್ದಾಯಿತು, ಗಂಜಿ ಕೆರೆದು ತಿನ್ನಿಸಿದ್ದಾಯಿತು.

"ಹೇಮಿ, ಪಾಪು ಅವ್ನಲ್ಲ..."

"ಹೂಂ?"

"ನೀನು ಹೋದ ತಕ್ಷಣ ಮುಟ್ಬೇಡ."

"ಕೈ ತೊಳ್ಕಂಡು ಮುಟ್ತೀನಪ್ಪ," ಎಂದಳು ಅವಳು, ದೊಡ್ಡವರ ಧಾಟಿಯಲ್ಲಿ. ಮಾನಸಾ ಎದುರು ಸೀಟಿನಿಂದ ಅವನನ್ನು ಒಮ್ಮೆ ನೋಡಿ ಕಿಟಕಿಯ ಆಚೆಗೆ ಮುಖ ಮಾಡಿದಳು. ನಿಟ್ಟೂರು ಬಂತು.

ಚೆನ್ನಮ್ಮನ ಮನೆಯ ಹಿತ್ತಿಲಿನಲ್ಲಿ ಹಂಡೆಯ ಕೆಳಗೆ ತೆಂಗಿನ ಮಟ್ಟೆ ಉರಿಯುತ್ತಿತ್ತು. ಹೊಗೆ ಬೇಲಿ ದಾಟಿ ಬೀದಿಗೆ ಬಂದಿತ್ತು. ಅಳು ಕೇಳಿದ್ದೇ ಹೇಮಿ ಅಪ್ಪನ ಕೈ ಕಿತ್ತುಕೊಂಡು ಓಡಿದಳು. ಮಾನಸಾ ಹೇಳಿದಂತೆಯೇ ಬೇಲಿಯ ಹತ್ತಿರ ನಿಂತುಬಿಟ್ಟಳು. ಅನಂತರಾಜು ಅವಳನ್ನೂ ಮಗಳನ್ನೂ ನೋಡುತ್ತ ಗೇಟಿನ ನಡುವೆ ಉಳಿದ.

ಹನುಮಕ್ಕ ಮಣೆಯ ಮೇಲಿದ್ದಳು, ಬೆನ್ನು ಈ ಕಡೆಗೆ. ಚೆನ್ನಮ್ಮ ಟವೆಲು ಹಿಡಿದು ನಿಂತಿದ್ದಳು. ಅವಳ ಬಾಣಂತಿ ಮಗಳು ದೀಪಿಕಾ ತಲೆಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಹೇಮಿ ಅಜ್ಜಿಯ ಭುಜದ ಮೇಲಿನಿಂದ ಬಗ್ಗಿ ನೋಡಿದಳು. ಎಣ್ಣೆ ಮೆತ್ತಿದ ಕೂಸು ಹನುಮಕ್ಕನ ಕಾಲ ಮೇಲೆ ಅಂಗಾತ ಮಲಗಿ ಕೈಕಾಲು ಬಡಿಯುತ್ತಿತ್ತು.

"ಅಜ್ಜಿ," ಎಂದಳು ಹೇಮಿ. "ಇದು ಹುಡ್ಗಿ!"

ಹನುಮಕ್ಕನ ಕೈಯ ಚೊಂಬು ಗಾಳಿಯಲ್ಲೇ ನಿಂತಿತು.

"ಹೂನಮ್ಮ, ಹುಡ್ಗೀನೇ. ಇನ್ನೇನು ಹುಡ್ಗನ್ನ ತಂದ್ಕೊಡ್ಲಾ ಸಂತೆಯಿಂದ?" ಎಂದು ಚೆನ್ನಮ್ಮ ನಕ್ಕಳು.

"ನಮ್ ಪಾಪು ಹುಡ್ಗ. ನನ್ ತಮ್ಮ. ದಿನಾ ಫೋನಲ್ಲಿ ಅಳ್ತಾನಲ್ಲ, ಅವ್ನೆಲ್ಲಿ?"

ಚೆನ್ನಮ್ಮನ ನಗು ಅರ್ಧಕ್ಕೇ ಉಳಿಯಿತು. "ಯಾವ ತಮ್ಮ? ಏನು ಫೋನು? ಏನ್ ಹನುಮಕ್ಕ ಇದು, ನನ್ ಮೊಮ್ಮಗುನ ಯಾರ ಹೆಸರಲ್ಲಿ..." ಅವಳ ಕಣ್ಣು ಬೇಲಿಯ ಕಡೆಗೆ ಹೋಯಿತು, ಅಲ್ಲಿ ನಿಂತ ಮಾನಸಾಳ ಮೇಲೆ ನಿಂತಿತು. ಟವೆಲನ್ನು ಬಿಡಿಸಿ ಕೂಸಿನ ಮೇಲೆ ಮುಚ್ಚಲು ಬಗ್ಗಿದಳು.

"ಅಮ್ಮ," ಎಂದಳು ದೀಪಿಕಾ, ಕೂತಲ್ಲಿಂದಲೇ. "ನೀನು ಹೋಗಿ ಕೆಂಡ ತಗೊಂಬಾ."

"ಅಲ್ಲ ಕಣೇ, ನಾಳೆ ಊರಿಗೋಗೋ ಕೂಸು..."

"ನಂಗೆಲ್ಲ ಗೊತ್ತಿದೆ. ದಿನಾ ಇಲ್ಲೇ ಕೂತಿರ್ತೀನಲ್ಲ. ನೀನು ಕೆಂಡ ತಗೊಂಬಾ ಹೋಗು."

ಚೆನ್ನಮ್ಮ ಗೊಣಗುತ್ತ ಒಳಗೆ ಹೋದಳು. ಹನುಮಕ್ಕ ತಲೆ ಎತ್ತಲಿಲ್ಲ. ಕೂಸಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಹೇಮಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಕೊನೆಗೆ ಅಪ್ಪನ ಮುಖವನ್ನು.

"ನಮ್ದೆಲ್ಲಿ?"

ಉತ್ತರ ಬಂದದ್ದು ಬೇಲಿಯ ಆಚೆಯಿಂದ. "ಬಾ ಹೇಮಿ. ಅಪ್ಪ ತೋರಿಸ್ತಾರೆ," ಎಂದಳು ಮಾನಸಾ.

ಅನಂತರಾಜು ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಮಣ್ಣು ಮಾಡಿದ ಜಾಗ ತಾಯಿಗೆ ತೋರಿಸ್ಬಾರ್ದು ಅಂತಾರೆ ಕಣೇ. ಮುಂದಿಂದು ನಿಲ್ಲಲ್ಲ ಅಂತ."

"ಹಿಂದಿಂದು ನಿಂತೈತಾ?" ಎಂದಳು ಅವಳು. "ನಡೀರಿ."

ತೋಟವಿದ್ದದ್ದು ಹನುಮಕ್ಕನ ಮನೆಯ ಹಿಂದೆಯೇ. ಕೂಸು ಹೋದ ಆ ಸಂಜೆ ದೊಡ್ಡಪ್ಪ ಚಿಕ್ಕಬೋರಯ್ಯ ಗುಂಡಿ ತೋಡಿದ್ದ, ಅನಂತರಾಜು ಟವೆಲು ಹೊತ್ತಿದ್ದ. ಹಲ್ಲು ಬಾರದ ಕೂಸಿಗೆ ಕಲ್ಲಿಲ್ಲ, ದೀಪವಿಲ್ಲ, ತಿಥಿಯಿಲ್ಲ. ಮಣ್ಣು ಮಟ್ಟ ಮಾಡಿ ಹಿಂದಿರುಗಿ ನೋಡದೆ ಬರಬೇಕು. ಹಾಗೇ ಬಂದಿದ್ದರು. ಬಾಗಿದ ತೆಂಗಿನಮರವೊಂದರ ಬುಡ ಎಂಬುದಷ್ಟೇ ಅವನಿಗೆ ನೆನಪಿತ್ತು. ಈಗ ನೋಡಿದರೆ, ಮಳೆ ಬಿದ್ದ ಮೇಲೆ ಟ್ರ್ಯಾಕ್ಟರಿನಲ್ಲಿ ತೋಟ ಉಳುಮೆ ಮಾಡಿಸಿ ಹುರುಳಿ ಚೆಲ್ಲಿದ್ದರು. ಗೇಣುದ್ದದ ಹುರುಳಿ ನೆಲವನ್ನೆಲ್ಲ ಒಂದೇ ಹಸಿರು ಮಾಡಿಬಿಟ್ಟಿತ್ತು. ಬಾಗಿದ ಮರಗಳು ಎರಡಿದ್ದವು, ಒಂದೇ ಸಾಲಿನಲ್ಲಿ, ಒಂದೇ ಕಡೆಗೆ ಬಾಗಿದಂಥವು.

"ಎಲ್ಲಿ?" ಎಂದಳು ಮಾನಸಾ.

ಅವನು ಒಂದು ಮರವನ್ನು ನೋಡಿದ, ಇನ್ನೊಂದನ್ನು ನೋಡಿದ. ದೊಡ್ಡಪ್ಪನನ್ನು ಕೇಳಿಬರುತ್ತೇನೆ ಎನ್ನಬಹುದಿತ್ತು. ಮಾನಸಾ ಕಾಯುತ್ತಿದ್ದಳು.

"ಇಲ್ಲೇ," ಎಂದ, ಹತ್ತಿರದ ಮರದ ಬುಡ ತೋರಿಸಿ.

ಮಾನಸಾ ಚಪ್ಪಲಿ ಬಿಟ್ಟು ಹುರುಳಿಯ ನಡುವೆ ಅವರಿಗೆ ಬೆನ್ನು ಮಾಡಿ ಕೂತಳು. ಮರದ ಬುಡಕ್ಕೆ ಅಂಗೈ ಊರಿದಳು. ಅಷ್ಟರಲ್ಲಿ ಚೆನ್ನಮ್ಮನ ಹಿತ್ತಿಲಿನಲ್ಲಿ ಚೊಂಬಿನ ಸದ್ದಾಯಿತು. ಹನುಮಕ್ಕ ಮತ್ತೆ ನೀರು ಹೊಯ್ಯತೊಡಗಿರಬೇಕು. ಕೂಸು ಕಿರುಚಿತು. ಫೋನಿನಲ್ಲಿ ಕೇಳಿದ್ದಕ್ಕಿಂತ ಆ ದನಿ ತೆಳ್ಳಗಿತ್ತು. ಮಾನಸಾಳ ಭುಜಗಳು ಮೇಲೆದ್ದು ಇಳಿದವು. ಅವಳ ಕೈಗಳು ರವಿಕೆಯ ಹುಕ್ಕುಗಳ ಕಡೆಗೆ ಹೋದವು. ಅನಂತರಾಜು ಮುಖ ತಿರುಗಿಸಿದ.

"ಅಮ್ಮ ಏನ್ಮಾಡ್ತವ್ಳೆ?"

"ಪಾಪುಗೆ ಹಾಲು ಕೊಡ್ತವ್ಳೆ."

ಹೇಮಿ ಯೋಚಿಸಿದಳು. "ಪಾಪು ಮಣ್ಣೊಳಗವ್ನಾ?"

"ಹೂಂ."

"ಸತ್ತೋಗವ್ನಾ? ತನುಶ್ರೀ ತಾತನ ಥರ?"

"ಹೂಂ ಕಣಮ್ಮ."

"ಉಸ್ರು ಕಟ್ಟಲ್ವಾ?"

"ಇಲ್ಲ. ಕಟ್ಟಲ್ಲ."

ಅವಳು ಅವನ ಕೈ ಬಿಟ್ಟು, ಹುರುಳಿಯನ್ನು ತುಳಿಯದಂತೆ ಕಾಲೆತ್ತಿ ಇಡುತ್ತ ಅತ್ತ ಇತ್ತ ನಡೆದಳು. ಗಿಲಕಿಯ ಸದ್ದು ಸ್ವಲ್ಪ ದೂರ ಹೋಗಿ ನಿಂತಿತು. ಚೆನ್ನಮ್ಮನ ಮನೆಯ ಹೆಂಚಿನ ಮೇಲೆ ಸಾಂಬ್ರಾಣಿ ಹೊಗೆ ಎದ್ದಿತು. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಮಾನಸಾ ಕತ್ತನ್ನು ಒಂದು ಕಡೆಗೆ ವಾಲಿಸಿ ಇನ್ನೂ ಕೇಳುವವಳಂತೆ ಕೂತಿದ್ದಳು. ಆಮೇಲೆ ಹುಕ್ಕು ಹಾಕಿಕೊಂಡು, ಸೆರಗು ಹೊದ್ದು, ಮರ ಹಿಡಿದು ಎದ್ದಳು.

"ಬಾ ಹೇಮಿ. ಹೋಗಣ."

"ಗಿಲಕಿ ಇಟ್ಟೆ ಪಾಪುಗೆ," ಎಂದಳು ಹೇಮಿ, ಓಡಿ ಬಂದು ಅಮ್ಮನ ಸೆರಗು ಹಿಡಿದು. "ನೆರಳಲ್ಲಿ ಇಟ್ಟೆ. ಬಿಸ್ಲಲ್ಲಿ ಬಣ್ಣ ಹೋಗ್ತದೆ."

ತಾಯಿ ಮಗಳು ಮುಂದೆ ನಡೆದರು, ತಿರುಗಿ ನೋಡದೆ. ಅನಂತರಾಜು ಬೇಲಿಯ ಸಂದಿಯವರೆಗೆ ಅವರ ಹಿಂದೆಯೇ ಹೋದವನು ಅಲ್ಲಿ ನಿಂತು ಹಿಂದಿರುಗಿ ನೋಡಿದ. ಹತ್ತಿರದ ಮರದ ಬುಡದಲ್ಲಿ, ಇಳಿಬಿಸಿಲಿಗೆ, ಹುರುಳಿಯ ಎಲೆಗಳು ಬೆಳ್ಳಗೆ ಒದ್ದೆಯಾಗಿದ್ದವು. ಗಿಲಕಿ ಇದ್ದದ್ದು ಆ ಇನ್ನೊಂದು ಮರದ ಕೆಳಗೆ.