ಆಮೇಲೆ ನಿಲ್ಲುವ ನೀರು

ಬಕೆಟ್ಟಿಗೆ ಬೀಳುವ ನೀರಿನ ಸದ್ದು ಇನ್ನೂ ದಪ್ಪಗಿದೆ, ಧಾರೆ ತುಂಬಿಕೊಂಡೇ ಬರುತ್ತಿದೆ, ಸೊರಗುವುದಾದರೆ ಮೊದಲು ಅದು ತಿರುಚಿಕೊಳ್ಳುತ್ತದೆ, ಆಮೇಲೆ ಕೊಳವೆಯೊಳಗಿನಿಂದ ಒಂದು ಕೆಮ್ಮು — ಕೆಮ್ಮಿಲ್ಲ, ಇನ್ನೂ ಕೆಮ್ಮಿಲ್ಲ, ಯಾಕೆ ಕೆಮ್ಮಬೇಕು, ಬೆಳಿಗ್ಗೆ ತಾನೇ ಕಂಪ್ಯೂಟರನ್ನು ಆರಿಸಿ ಬಂದಿದ್ದಾನಲ್ಲ, ಗುಂಡಿ ಒತ್ತಿ, ಪರದೆ ಕಪ್ಪಗಾದದ್ದನ್ನು ಕಣ್ಣಾರೆ ಕಂಡು, ಪಂಪ್‌ಹೌಸಿಗೆ ಬೀಗ ಜಡಿದು, ಬೀಗವನ್ನು ಎಳೆದೂ ನೋಡಿ. ಗಟ್ಟಿಯಾಗಿ ಹಿಡ್ಕೋ ಕಣೋ, ಜಾರ್ತಿದ್ದಾರೆ, ಎಲ್ಲಿದೆ ನಿನ್ನ ಗ್ಯಾನ, ಎನ್ನುತ್ತಾಳೆ ಅಕ್ಕ. ಹಿಡಿದಿದ್ದಾನೆ. ಎರಡು ಕೈಯನ್ನೂ ಭಾವನ ಕಂಕುಳಡಿ ತೂರಿಸಿ, ಎದೆಯ ಮೇಲೆ ಬೆರಳು ಹೆಣೆದು, ಆ ಬೆನ್ನನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು ನಿಂತಿದ್ದಾನೆ. ಭಾವನಿಗೆ ಬಲಭಾಗವೆಲ್ಲ ಲಕ್ವ ಹೊಡೆದಿದೆ, ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲ ಸ್ನಾನ, ಕೈ ಬಿಟ್ಟರೆ ಸ್ಟೂಲಿನಿಂದ ಗೋಣಿಚೀಲದ ಹಾಗೆ ಪಕ್ಕಕ್ಕೆ ಬಿದ್ದುಹೋಗುತ್ತಾನೆ. ಒಂದು ಕಾಲದಲ್ಲಿ ಈ ಮನುಷ್ಯ ಹೊಸಿಲ ಮೇಲೆ ನಿಂತು, ಬಂದನಪ್ಪ ನಮ್ಮ ಭಗೀರಥ, ಕೊಡ ತನ್ನಿ ಕೊಡ ತನ್ನಿ, ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ, ಬೀದಿ ಬೀದಿಗೆ ನೀರು ಬಿಡುವುದು ತನ್ನ ಭಾವಮೈದನ ಕೆಲಸ ಎನ್ನುವುದೇ ಅವನಿಗೊಂದು ಜಂಭ. ಭಗೀರಥ ನೀರು ತಂದವನು, ನಿಲ್ಲಿಸಿದ ಕಥೆಯನ್ನು ಯಾರೂ ಹೇಳಿಲ್ಲ.

ಅಕ್ಕಾ, ಆ ಡ್ರಮ್ಮು ತುಂಬಿಸ್ಕೊಂಡ್ಬಿಡು ಮೊದಲು, ಎಂದು ಬಂದ ಕೂಡಲೇ ಹೇಳಿದ್ದ. ಅಕ್ಕ ನಕ್ಕಳು, ಯಾಕೋ, ನಲ್ಲಿ ಕಾಲು ಕಿತ್ಕೊಂಡು ಓಡಿಹೋಗುತ್ತಾ, ನೀರು ಬಿಡೋನೇ ಮನೇಲಿ ನಿಂತಿರುವಾಗ ನನಗ್ಯಾವ ಭಯ. ಡ್ರಮ್ಮು ಖಾಲಿಯೇ ಉಳಿಯಿತು. ಎಷ್ಟೋ ವರ್ಷದ ಮೇಲೆ ಅವಳು ಅವನಿಗೆ ಆಡಿದ ಮೊದಲ ತಮಾಷೆ ಅದು. ಅಮ್ಮ ಸತ್ತ ದಿನ ಅವನಿಗೆ ಅಳು ಬರಲಿಲ್ಲ, ಒಳಗೆಲ್ಲೋ ಕಟ್ಟಿಕೊಂಡಿತ್ತು, ನೆಂಟರಿಷ್ಟರೆಲ್ಲ ಕೂತಿರುವಾಗ ಇದೇ ಅಕ್ಕ ಇದೇ ಬಾಯಲ್ಲಿ, ಇವನು ಕಣ್ಣೀರಿಗೂ ವಾಲ್ವು ಇಟ್ಕೊಂಡಿದ್ದಾನೆ, ಯಾವ ಹೊತ್ತಿಗೆ ಬಿಡ್ತಾನೋ ಕಾಯಬೇಕು, ಅಂದುಬಿಟ್ಟಳು, ಹೆಣದ ಮುಂದೆಯೇ ಯಾರೋ ಕಿಸಕ್ಕೆಂದರು. ಆ ಕಿಸಕ್ ಇನ್ನೂ ಕಿವಿಯಲ್ಲಿದೆ. ಅವತ್ತಿಗೇ ಅಕ್ಕನ ಜೊತೆ ಮಾತು ಬಿಟ್ಟ. ಆದರೂ ಅವಳ ಬೀದಿಗೆ ನೀರು ತಪ್ಪಿಸಲಿಲ್ಲ, ಒಂದೇ ಒಂದು ಸಲ ಸಿಟ್ಟು ನೆತ್ತಿಗೇರಿ ಹೊರಟಿದ್ದ, ಆಗೆಲ್ಲ ಆಳೆತ್ತರದ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತು ನಡೆದುಕೊಂಡೇ ಹೋಗಿ ವಾಲ್ವಿನ ಗುಂಡಿಗೆ ಬಗ್ಗಿ ತಿರುಗಿಸಬೇಕಿತ್ತು, ಮೊದಲ ಬೀದಿ ದಾಟುವಾಗ ಹೆಗಲು ನೋಯಿತು, ಎರಡನೆಯದರಲ್ಲಿ ಯಾರೋ ಮಾತಿಗೆ ನಿಲ್ಲಿಸಿಕೊಂಡರು, ಮೂರನೆಯದಕ್ಕೆ ಬರುವಷ್ಟರಲ್ಲಿ ಸಿಟ್ಟು ತೂತುಬಿದ್ದ ಕೊಡದ ಹಾಗೆ ದಾರಿಯುದ್ದಕ್ಕೂ ಸೋರಿ ಮುಗಿದಿತ್ತು, ಗುಂಡಿಯ ಹತ್ತಿರ ಕೂತು ಒಂದು ಬೀಡಿ ಸೇದಿ ವಾಪಸು ಬಂದಿದ್ದ. ಈಗ ನಡೆಯುವ ಹಾಗೇ ಇಲ್ಲ. ಈಗ ವಾಲ್ವಿಗೆಲ್ಲ ಮೋಟರು, ಮೋಟರಿಗೆಲ್ಲ ಕಂಪ್ಯೂಟರು, ಕುರ್ಚಿಯಿಂದ ಏಳದೆ ಸಿಟ್ಟು ಮಾಡಬಹುದು.

ಕಂಪ್ಯೂಟರು ನೋಡಿಕೊಳ್ಳುವ ಹುಡುಗಿ ರಜೆಗೆ ಹೋಗುವ ಮುಂಚೆ ಕಲಿಸಿಕೊಟ್ಟಳು, ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು, ಬೆರಳು ಹಿಡಿದು ಅಕ್ಷರ ತೀಡಿಸುವ ಹಾಗೆ. ನೋಡಿ ತಾತ, ಇಲ್ಲಿ ಯಾವ ಬೀದಿ, ಇಲ್ಲಿ ತೆರೆಯೋದಾ ಮುಚ್ಚೋದಾ, ಇಲ್ಲಿ ಯಾವತ್ತು ಎಷ್ಟು ಹೊತ್ತಿಗೆ, ಒತ್ತಿಬಿಟ್ರೆ ಮುಗೀತು, ಆಮೇಲೆ ನೀವು ಇದ್ರೂ ಇಲ್ದಿದ್ರೂ ಅದರ ಪಾಡಿಗೆ ಅದು ಮಾಡುತ್ತೆ. ಹಾಕಿದ್ದು ಬೇಡ ಅನ್ಸಿದ್ರೆ ತಾಯಿ? ತೆಗೆಯೋದು ನಾನು ಬಂದ್ಮೇಲೆ ಹೇಳ್ಕೊಡ್ತೀನಿ, ನೀವೇನು ಯೋಚ್ನೆ ಮಾಡದೆ ಹಾಕೋರಾ. ಯೋಚನೆ ಮಾಡಿಯೇ ಹಾಕಿದ, ಪಾಪಿ, ಬೇಕಾದಷ್ಟು ಯೋಚನೆ ಮಾಡಿದ. ಕ್ಷೌರದವನು ಹೇಳಿದ್ದು ಕಿವಿಯಲ್ಲಿ ಕುದಿಯುತ್ತಿತ್ತು, ನಿಮ್ಮ ಅಕ್ಕ ಮೊನ್ನೆ ನೀರಿನ ಸಭೇಲಿ ಎದ್ದು ನಿಂತು, ನಮ್ಮ ಬೀದಿಗೆ ನೀರು ನೂಲೆಳೆ ಥರ ಬರುತ್ತೆ, ಕೇಳೋರಿಲ್ಲ, ಅಂದ್ರಂತೆ. ನೂಲೆಳೆಯೂ ಬೇಡ ಹಾಗಾದರೆ, ಎಂದುಕೊಂಡ. ಆ ಕ್ಷಣವೇ ಮುಚ್ಚಬಹುದಿತ್ತು, ಆದರೆ ಆಗ ಪಂಪ್‌ಹೌಸಿನಲ್ಲಿ ಇದ್ದವನು ಅವನೊಬ್ಬನೇ, ಬೆರಳು ಅವನ ಕಡೆಗೇ ತಿರುಗುತ್ತಿತ್ತು. ಆಮೇಲೆ ಆಗಬೇಕು, ಅವನಿಗೆ ರಜೆಯಿರುವ ದಿನ, ಅವಳು ಬಟ್ಟೆಗೆ ಸೋಪು ಹಚ್ಚಿ ಕೂತಿರುವ ಹೊತ್ತಿಗೆ, ಕಾರ್ಖಾನೆಯ ಊಟದ ಸೈರನ್ ಆದ ಮೇಲೆ, ಆಗ ಅವನು ಕ್ಷೌರದ ಕುರ್ಚಿಯ ಮೇಲೆ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿರಬೇಕು, ನಾಲ್ಕು ಜನ ನೋಡಿರಬೇಕು, ಮೆಷಿನ್ನು ಕೆಟ್ಟಿರಬೇಕು ಬಿಡಿ ಎಂದು ತಾನೇ ಹೇಳಬೇಕು, ಎಲ್ಲ ಕಣ್ಣ ಮುಂದೆ ಕಟ್ಟಿತ್ತು, ಆ ಮಾತಿಗೆ ತಾನು ತಲೆ ಅಲ್ಲಾಡಿಸುವ ರೀತಿ ಕೂಡ.

ಆ ರಜೆಯ ದಿನವೇ ಇವತ್ತು, ಬೆಳಿಗ್ಗೆ ಬಾಗಿಲು ಬಡಿದವಳು ಅಕ್ಕನ ಮಗಳು. ಮಾವ, ಅಪ್ಪನ್ನ ಮನೆಗೆ ಕರ್ಕೊಂಡು ಬಂದಿದ್ದೀವಿ, ಮಧ್ಯಾಹ್ನ ಸ್ನಾನ ಮಾಡಿಸಬೇಕಂತೆ, ನಾನು ಕೆಲಸಕ್ಕೆ ಹೋಗ್ಲೇಬೇಕು, ಅಮ್ಮ ಒಬ್ಬರ ಕೈಲಿ ಆಗಲ್ಲ, ಬೇರೆ ಯಾರನ್ನೂ ಕರೀಬೇಡ, ನನ್ನ ತಮ್ಮನ್ನ ಕರಿ ಅಂದ್ರು. ನನ್ನ ತಮ್ಮ. ಅಂಗಿ ತೊಟ್ಟುಕೊಂಡವನು ಪಂಪ್‌ಹೌಸಿಗೇ ಓಡಿದ್ದ, ಕಂಪ್ಯೂಟರಿನ ಮುಂದೆ ಕೂತು ಇದ್ದಬದ್ದ ಗುಂಡಿಯೆಲ್ಲ ಒತ್ತಿದ್ದ, ತೆಗಿ, ತೆಗಿ ತಾಯಿ, ಬೇಡ ಅಂತ ಹೇಳ್ತಿದ್ದೀನಲ್ಲ, ಎಂದು ಬಾಯಿಬಿಟ್ಟೇ ಬೇಡಿಕೊಂಡಿದ್ದ. ಹುಡುಗಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಯಾವ ಬೀದಿ ತಾತ, ಅನ್ನುತ್ತಾಳೆ, ಯಾಕೆ ಹಾಕಿದ್ರಿ, ಅನ್ನುತ್ತಾಳೆ. ಮಾಡಲಿಲ್ಲ. ಕೊನೆಗೆ ಪರದೆಯ ಅಂಚಿನ ಗುಂಡಿ ಒತ್ತಿದ, ಆರಿತು, ಹಣೆ ಒರೆಸಿಕೊಂಡ.

ಸೈರನ್. ಬಚ್ಚಲ ಕಿಂಡಿಯಿಂದ ಬಂದು ಸುತ್ತಿ ಸುತ್ತಿ ಕಡಿಮೆಯಾಯಿತು. ನೀರು ಬರುತ್ತಿದೆ, ಬರುತ್ತಲೇ ಇದೆ, ನಿಲ್ಲಲಿಲ್ಲ, ಬದುಕಿಕೊಂಡ. ಅಕ್ಕ ಒಂದು ಬಕೆಟ್ಟು ಪೂರ್ತಿ ಭಾವನ ಮೈಮೇಲೆ ಹುಯ್ದು ಮುಗಿಸಿ, ಇನ್ನೊಂದು ಸಲ ನಲ್ಲಿಯ ಕೆಳಗೆ ಇಟ್ಟು, ತುಂಬಿದಷ್ಟನ್ನೂ ಮೊಗೆದು ಮೈಗೆ ಹುಯ್ಯುತ್ತ, ಸೋಪನ್ನು ತಲೆಗೆ ಉಜ್ಜುತ್ತ, ನೋಡೋ ತಮ್ಮಾ, ಎಷ್ಟು ಚೆನ್ನಾಗಿ ಬರ್ತಿದೆ ಇವತ್ತು, ಮೊನ್ನೆ ಸಭೇಲಿ ನಾನು ಬಾಯಿ ಮಾಡಿದೆ ಗೊತ್ತಾ, ನೀರು ನೂಲೆಳೆ ಥರ ಬರುತ್ತೆ ಅಂದೆ, ಅದ್ಯಾವನೋ ಎದ್ದು ನಿಮ್ಮ ತಮ್ಮನ್ನೇ ಕೇಳಿ ಅಂದ, ಸರಿಯಾಗಿ ಉಗಿದೆ, ಅವನನ್ನೇನು ಕೇಳ್ತೀರಿ, ಕಬ್ಬಿಣ ಹೊತ್ತು ಹೊತ್ತು ಅವನ ಹೆಗಲು ಇಳಿದುಹೋಗಿದೆ, ತುಕ್ಕು ಹಿಡಿದಿರೋದು ನಿಮ್ಮ ಪೈಪಿಗೆ, ಹೊಸದು ಹಾಕಿ, ಅಂದೆ. ಕ್ಷೌರದವನು ಅರ್ಧ ತಲೆ ಬೋಳಿಸಿ ಬಿಟ್ಟ ಹಾಗೆ ಅರ್ಧ ಮಾತನ್ನಷ್ಟೇ ಮುಟ್ಟಿಸಿದ್ದ. ಭಾವ ಎಡಗೈಯಿಂದ ಅವನ ಮಣಿಕಟ್ಟನ್ನು ತಡವಿ, ಬ… ಭಗೀ… ಎಂದು ತೊದಲಿ ಸೊಟ್ಟ ಬಾಯಲ್ಲೇ ನಕ್ಕ. ಕಣ್ಣು ಮುಚ್ಕೊಳ್ರಿ, ಸೋಪು ಹೋಗುತ್ತೆ, ಎಂದಳು ಅಕ್ಕ, ಎಡ ಅಂಗೈಯನ್ನು ಸೂರಿನಂತೆ ಗಂಡನ ಹಣೆಗೆ ಅಡ್ಡ ಹಿಡಿದಳು — ಆ ಅಂಗೈ. ಅದೇ ಅಂಗೈ. ಅಮ್ಮ ಕೆಲಸಕ್ಕೆ ಹೋದಾಗ ಇವಳೇ ಅವನನ್ನು ಕಲ್ಲಿನ ಮೇಲೆ ಕೂರಿಸಿ ತಿಕ್ಕುತ್ತಿದ್ದಳು, ಅವಳೂ ಎಳೆಯವಳೇ, ಚೊಂಬು ಎತ್ತಲು ಎರಡು ಕೈ ಬೇಕಿದ್ದವಳು ಒಂದೇ ಕೈಯಲ್ಲಿ ಎತ್ತುತ್ತಿದ್ದಳು, ಇನ್ನೊಂದು ಅವನ ಹಣೆಯ ಮೇಲೆ ಸೂರು, ಕಣ್ಣು ಮುಚ್ಕೋ ಪುಟ್ಟ, ನಾನಿದ್ದೀನಲ್ಲ. ಕಣ್ಣು ಮುಚ್ಚಿ, ಕಣ್ಣು ಮುಚ್ಚಿ — ಯಾರೋ ಇದನ್ನು ಅಂದಿದ್ದರು, ಬೇರೆ ಯಾರೋ, ಇತ್ತೀಚೆಗೆ, ನಗುತ್ತ — ಆ ಹುಡುಗಿ. ಮೊದಲ ದಿನ ಅವನು ಪರದೆ ಆರಿಸಿ ಎದ್ದಾಗ ಅಂದಿದ್ದಳು, ತಾತ, ಅದು ಮಲಗಿಲ್ಲ, ಕಣ್ಣು ಮುಚ್ಕೊಂಡಿದೆ ಅಷ್ಟೆ, ಕೆಳಗೆ ಪೆಟ್ಟಿಗೇಲಿ ನೋಡಿ ಹಸಿರು ದೀಪ, ಅದು ಉರೀತಿದ್ರೆ ಎಲ್ಲ ಕೆಲಸಾನೂ ನಡೀತಿರುತ್ತೆ. ಬೆಳಿಗ್ಗೆ ಬೀಗ ಹಾಕುವಾಗ ಮೇಜಿನ ಕೆಳಗೆ ಹಸಿರು ಕಂಡಿತ್ತು. ಕಂಡಿತ್ತಲ್ಲ. ಕಂಡಿತ್ತು.

ಧಾರೆ ತಿರುಚಿಕೊಂಡಿತು. ಕೊಳವೆಯೊಳಗೆ ಕೆಮ್ಮು, ಇನ್ನೊಂದು ಕೆಮ್ಮು, ಹನಿ, ಹನಿ, ಇಲ್ಲ. ಅಯ್ಯೋ ಇದೇನೋ, ಎಂದಳು ಅಕ್ಕ, ಮಗ್ಗು ಬಕೆಟ್ಟಿನ ತಳವನ್ನು ಕೆರೆಯಿತು, ತಳದಲ್ಲಿದ್ದ ಒಂದು ಮಗ್ಗು ನೀರು ಸಾಲದೆ ಹೋಯಿತು, ನೊರೆ ಇನ್ನಷ್ಟೇ ಎದ್ದು ಹಣೆಗೆ ಇಳಿಯಿತು, ಭಾವ ಉರಿಗೆ ಮುಖ ಹಿಂಡಿ ಹೂಂ ಹೂಂ ಎಂದು ನರಳಿದ. ಅಂಗಿ ಹೊರಗೆ ಮೊಳೆಗೆ ನೇತಾಡುತ್ತಿದೆ, ಅದರ ಜೇಬಿನಲ್ಲಿ ಫೋನು, ಫೋನಿನ ಆ ಕಡೆ ಹುಡುಗಿ; ಪಂಪ್‌ಹೌಸಿನ ಕೀಲಿಯೂ ಅಲ್ಲೇ, ಓಡಿ ಹೋದರೆ ಕೈಯಲ್ಲೇ ಮೋಟರು ಬಿಚ್ಚಿ ವಾಲ್ವು ತಿರುಗಿಸಬಹುದು, ಓಡಬೇಕಾದರೆ ಕೈ ಬಿಡಬೇಕು, ಕೈ ಬಿಟ್ಟರೆ ಭಾವ ಬೀಳುತ್ತಾನೆ, ಬಿಡದಿದ್ದರೆ ಹೇಳಬೇಕು, ನಾಲ್ಕು ಶಬ್ದ, ಅಕ್ಕಾ ನೀರು ನಿಲ್ಲಿಸಿದ್ದು ನಾನೇ, ಅಷ್ಟೇ, ಆಮೇಲೆ ಅವಳು ಬೈಯಲಿ, ಹೊಡೆಯಲಿ. ಏನೂ ಆಗಲ್ಲರೀ, ಬರುತ್ತೆ ಇರಿ, ನನ್ನ ತಮ್ಮ ಇದ್ದಾನಲ್ಲ, ಎನ್ನುತ್ತಿದ್ದಾಳೆ ಗಂಡನ ಕಿವಿಯ ಹತ್ತಿರ. ಅಕ್ಕಾ, ಎಂದ. ಏನೋ? ತಲೆಯೆತ್ತದೆ ಕೇಳಿದಳು. ಈಗ ಹೇಳಿದರೆ ಅವಳು ತಿರುಗಿ ನೋಡುತ್ತಾಳೆ, ನೋಡಿದರೆ ಕೈ ಅಲುಗುತ್ತದೆ, ಅಲುಗಿದರೆ ನೊರೆ ಕಣ್ಣಿಗಿಳಿಯುತ್ತದೆ — ಏನೋ ಅದು, ಹೇಳು. ಆಮೇಲೆ ಹೇಳ್ತೀನಿ, ಎಂದುಬಿಟ್ಟ, ಆಮೇಲೆ, ಮತ್ತೆ ಆಮೇಲೆ, ಅವಳು ಹೂಂ ಎಂದಳು, ನಂಬಿದಳು, ನಲ್ಲಿಯ ಕಡೆ ನೋಡಲೂ ಇಲ್ಲ, ಆ ಹಣೆಯ ಮೇಲೆ ಅಂಗೈ, ಸುಕ್ಕುಬಿದ್ದ ಅಂಗೈ, ಅದರ ಅಂಚಿಗೆ ಬಂದು ನಿಂತ ನೊರೆ, ಅಂಗೈ.