ಮೊಣಕಾಲಿನ ಅಳತೆ

ಬೆಳವಣಕಿಯಿಂದ ರೋಣಕ್ಕೆ ಹೋಗುವ ಹಾದಿಯಲ್ಲಿ ಚಕ್ಕಡಿಗಳು ಓಡಾಡಿ ಓಡಾಡಿ ಎರೆಮಣ್ಣಿನಲ್ಲಿ ಎರಡು ಆಳದ ಜಾಡು ಬಿದ್ದಿದ್ದವು. ಜಾಡುಗಳ ನಡುವೆ ಉಳಿದ ಮಣ್ಣು ದಿಣ್ಣೆಯಾಗಿ ನಿಂತು, ಅದರ ಮೇಲೆ ಕರಿಕೆ ಹುಲ್ಲು ಬೆಳೆದಿತ್ತು. ದೇವಪ್ಪ ಜಾಡಿನೊಳಗೆ ಕುಕ್ಕರಗಾಲಲ್ಲಿ ಕೂತು, ಒಂದು ತೊಗರಿ ಕಟ್ಟಿಗೆಯನ್ನು ದಿಣ್ಣೆಗೆ ಹಚ್ಚಿ ಹಿಡಿದು, ಎತ್ತರಕ್ಕೆ ಸರಿಯಾಗಿ ಕುಡುಗೋಲಿನಿಂದ ಗೀರು ಹಾಕುತ್ತಿದ್ದ. ಊರಿನಿಂದ ಹಳ್ಳದ ತನಕ ಮೂರು ಕಡೆ ಹೀಗೆ ಕೂತೆದ್ದ. ಎಲ್ಲಕ್ಕಿಂತ ಮೇಲಿನ ಗೀರು ಹಳ್ಳದ ಇಳಿಜಾರಿನದು.

ರೋಣದ ಶ್ರೀಧರರಾಯರು ಪುಣೆಯ ಲಿಲಾವಿನಲ್ಲಿ ಲಡಾಯಿ ಕಾಲದ ಒಂದು ಪಿಕಪ್ ಗಾಡಿ ಹಿಡಿದು ತಂದಿದ್ದರು. ಬೆಳವಣಕಿ ಸುತ್ತಿನ ಮೆಣಸಿನಕಾಯಿ, ಅರಳೆ ಎಲ್ಲ ಇನ್ನು ಮುಂದೆ ಅದರಲ್ಲೇ ಗದಗಿಗೆ ಹೋಗಬೇಕೆಂಬುದು ಅವರ ಆಸೆ. ಮೊದಲ ಸಲ ಈ ಹಾದಿಗೆ ಬಂದಾಗ ಗಾಡಿಯ ಹೊಟ್ಟೆ ದಿಣ್ಣೆಗೆ ತಾಗಿ, ಎಂಜಿನ್ನಿನ ಎಣ್ಣೆಯ ತಟ್ಟೆ ಒಡೆದು, ನಾಲ್ಕು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಹೋಗಬೇಕಾಯಿತು. ಊರಿನ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು, "ಎತ್ತಿಗೆ ಬಿಡುವು ಸಿಗತೈತಂದ್ರಿ, ಈಗ ಎತ್ತಿಗೆ ಇನ್ನೊಂದು ಗಾಡಿ ಬಂತಲ್ರಿ" ಎಂದು ನಕ್ಕಿದ್ದಳು.

ಅಂದೇ ರಾಯರು ದೇವಪ್ಪನಿಗೆ ಹೇಳಿ ಕಳಿಸಿದ್ದರು. ದೇವಪ್ಪ ಬೆಳವಣಕಿಯವನೇ; ಗದಗಿನ ಅರಳೆ ಗಿರಣಿಯೊಂದರಲ್ಲಿ ಆರು ವರ್ಷದಿಂದ ಲಾರಿ ನಡೆಸುತ್ತಿದ್ದ. "ಈ ಹಾದಿ ನಿನಗಿಂತ ಚಲೋ ಯಾರಿಗೆ ಗೊತ್ತದನೋ? ಗದಗಿನ ಕೆಲಸ ಬಿಟ್ಟು ಬಾ. ಗಾಡಿ ಎಷ್ಟು ಎತ್ತರ ಮಾಡಬೇಕು, ಹ್ಯಾಂಗ ಮಾಡಬೇಕು, ಎಲ್ಲಾ ನಿನ್ನ ಮಾತಿನಂಗ" ಎಂದಿದ್ದರು. ದೇವಪ್ಪ ಬಿಟ್ಟು ಬಂದ.

"ನೀನ ಗಾಡಿ ಹೊಡಿ ಅಂತ ಬಾಯಿ ಬಿಟ್ಟು ಅಂದಾರೇನ?" ಎಂದು ಹೆಂಡತಿ ಕಳಕವ್ವ ಕೇಳಿದ್ದಳು.

"ಅಳತಿ ಕೊಡ ಅಂದಾರ. ಮತ್ತೇನ ಅನ್ನಬೇಕ?"

ಆ ಸೀಮೆಯಲ್ಲಿ ಅದು ಸುಳ್ಳಲ್ಲ. ಹೊಸ ಚಕ್ಕಡಿ ಮಾಡುವಾಗ ಬಡಿಗ ಮೊದಲು ಕೇಳುವುದು ಹೊಡೆಯುವವನು ಯಾರೆಂದು. ಅವನನ್ನು ನಿಲ್ಲಿಸಿ, ನೆಲದಿಂದ ಮೊಣಕಾಲಿನ ತನಕ ದಾರ ಹಿಡಿದು ಗಂಟು ಹಾಕಿ, ಕಾಲಿಟ್ಟು ಹತ್ತುವ ಮೆಟ್ಟನ್ನು ಆ ಎತ್ತರಕ್ಕೇ ಕೂರಿಸುತ್ತಾನೆ. ದಾರ ಹಿಡಿದ ಮೇಲೆ ಆ ಗಾಡಿ ಅವನದು. ಯಜಮಾನನೂ ಮಾತು ತಿರುಗಿಸುವುದಿಲ್ಲ. ದೇವಪ್ಪ ಹಾದಿಯ ಅಳತೆಯನ್ನೂ ಅದೇ ಲೆಕ್ಕದಲ್ಲಿ ಹಿಡಿದಿದ್ದ.

ಗಜೇಂದ್ರಗಡದಲ್ಲಿ ಅಕ್ಬರಸಾಬನ ಕುಲುಮೆ. ಅವನಪ್ಪ ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಹಾಕುತ್ತಿದ್ದ. ಮಗ ಮೋಟಾರು ಕೆಲಸವನ್ನೂ ಕಲಿತಿದ್ದ. ದೇವಪ್ಪನೂ ಅವನೂ ಒಂದೇ ಸಾಲಿಯಲ್ಲಿ ಒಂದೇ ಮಾಸ್ತರರ ಹೊಡೆತ ತಿಂದವರು. ದೇವಪ್ಪ ತೊಗರಿ ಕಟ್ಟಿಗೆಯನ್ನು ಅವನ ಮುಂದಿಟ್ಟ.

ಅಕ್ಬರಸಾಬ ಗೀರುಗಳ ಮೇಲೆ ಹೆಬ್ಬೆರಳಾಡಿಸಿ, "ಗೇಣು ಎತ್ತಬೇಕಲ್ಲೊ ದೇವ್ಯಾ. ಗಾಡಿ ಮಾಡಲ್ಯೋ, ಅಟ್ಟಾ ಮಾಡಲ್ಯೋ?" ಎಂದ.

"ಹ್ಯಾಂಗ ಎತ್ತತಿ, ಅದನ್ನ ಹೇಳ."

"ಮೂರು ದಾರಿ ಅದಾವ. ಅಚ್ಚಿಗೂ, ಗಾಡಿ ಹೊರೋ ಕಮಾನಿಗೂ ನಡುವ ಜಾಲಿ ಕಟ್ಟಿಗಿ ತುಂಡು ಇಟ್ಟು ಬಿಗಿಯೂದು. ಲಗೂ ಆಗತೈತಿ."

"ಮಳಿಗಾಲದಾಗ ಕಟ್ಟಿಗಿ ಉಬ್ಬತೈತಿ, ಬ್ಯಾಸಿಗ್ಯಾಗ ಒಣಗಿ ಸಡ್ಲಾಗತೈತಿ. ಹಳ್ಳದ ಇಳಿಜಾರಿನ್ಯಾಗ ತುಂಡು ಜಾರಿದ್ರ ನಾ ಒಂದ ಕಡೆ, ಅಚ್ಚು ಒಂದ ಕಡೆ."

"ಹಂಗಾರ ಕಮಾನಿನ ತುದಿ ಕೊಂಡಿ ಉದ್ದ ಮಾಡೂದು."

"ತೂಗತೈತಿ. ಮೆಣಸಿನಕಾಯಿ ಚೀಲ ಮ್ಯಾಲಿಂದ ಮ್ಯಾಲ ಪೇರಿಸಿದ್ರ ಜೋಕಾಲಿನ."

"ಹಂಗಾರ ಕಮಾನಿಗೆ ಎರಡೆರಡು ಉಕ್ಕಿನ ಪಾಟಾ ಕೂಡಿಸಿ, ಕಾಸಿ, ಬಗ್ಗಸೂದು. ಖಾಲಿ ಇದ್ದಾಗ ಕುಂಡಿ ಒಡಿತೈತಿ ನೋಡ ಮಗನ."

"ಒಡೀಲಿ. ಹೇರಿದಾಗ ಸರಿ ಕೂಡತೈತಿ." ದೇವಪ್ಪ ಕಟ್ಟಿಗೆಯ ಮೇಲಿನ ಗೀರಿಗೆ ಬೆರಳಿಟ್ಟ. "ಆದ್ರ ಕಮಾನು ಎತ್ತಿದ್ರ ಹೊಟ್ಟಿ ಏಳತೈತಿ, ಅಚ್ಚು ಏಳೂದಿಲ್ಲ. ಅಚ್ಚಿಗೆ ಟಾಯರ ದೊಡ್ಡವು ಬೇಕು. ಮಿಲಿಟರಿ ಲಾರಿವು ಸಿಕ್ಕಾವೇನ?"

"ಸಿಕ್ಕಾವು." ಅಕ್ಬರಸಾಬ ತಿದಿ ಒತ್ತತೊಡಗಿದ.

ಹದಿನೈದು ದಿನ ದೇವಪ್ಪ ಕುಲುಮೆಯಲ್ಲೇ ಉಳಿದ. ಪ್ರತಿ ಪಾಟಾವನ್ನೂ ಕಲ್ಲಿಗೆ ಬಡಿದು, ದನಿ ಕೇಳಿ, ಒಡಕು ದನಿಯದನ್ನು ಅತ್ತ ಎಸೆದ. ಬರೀ ಎತ್ತರವಾದರೆ ಸಾಲದೆಂದು ಎರಡು ಸಲ ಚೀಲಗಳಲ್ಲಿ ಮರಳು ತುಂಬಿ ಹೇರಿಸಿ, ಗಾಡಿ ಎಷ್ಟು ಕೂತಿತೆಂದು ಕಟ್ಟಿಗೆ ಹಿಡಿದು ನೋಡಿದ. ಹೊರಡುವ ದಿನ ನೆನಪಾಗಿ ಕೇಳಿದ:

"ಅಲ್ಲೊ, ನನ್ನ ಮೊಣಕಾಲಿಗೆ ದಾರ ಹಿಡೀಲಿಲ್ಲಲ್ಲ? ಇಷ್ಟ ಎತ್ತರದ ಗಾಡಿಗೆ ಮೆಟ್ಟು ಬ್ಯಾಡೇನ?"

ಅಕ್ಬರಸಾಬ ತಲೆಯೆತ್ತಲಿಲ್ಲ. "ನಿನ್ನ ಕಾಲ ನನಗ ಗೊತ್ತಿಲ್ಲೇನ? ಕೊಕ್ಕರಿ ಕಾಲ. ನಿನಗ್ಯಾಕ ಮೆಟ್ಟು, ಹಾರಿ ಕುಂದ್ರತಿ."

ಇಬ್ಬರೂ ನಕ್ಕರು.

ಪೂಜೆಯ ದಿನ ದೇವಪ್ಪ ನಸುಕಿನಲ್ಲೇ ಮಿಂದು, ಮಡಿ ಧೋತರ ಉಟ್ಟು, ತೊಗರಿ ಕಟ್ಟಿಗೆಯನ್ನೂ ಕೈಯಲ್ಲಿ ಹಿಡಿದು ರೋಣಕ್ಕೆ ನಡೆದ. ಕಟ್ಟಿಗೆ ಇನ್ನು ಬೇಕಿರಲಿಲ್ಲ, ಆದರೂ ಒಯ್ದ. ರಾಯರ ಮನೆಯ ಮುಂದೆ ಗಾಡಿ ನಿಂತಿತ್ತು. ಎತ್ತರದ ಟಾಯರುಗಳ ಮೇಲೆ, ಎದೆಯುಬ್ಬಿಸಿ ಎದ್ದ ಹೋರಿಯಂತೆ. ದೇವಪ್ಪ ಸುತ್ತು ಹಾಕಿ, ಕಮಾನುಗಳನ್ನು ತಟ್ಟಿ ನೋಡಿ, ನಡೆಸುವವನ ಬಾಗಿಲ ಕಡೆ ಬಂದ.

ಬಾಗಿಲ ಕೆಳಗೆ ಹೊಸ ಕಬ್ಬಿಣದ ಮೆಟ್ಟಿತ್ತು.

ಅವನು ಕಾಲೆತ್ತಿ ಅದರ ಮೇಲಿಟ್ಟ. ಮೆಟ್ಟು ಅವನ ಮೊಣಕಾಲಿಗಿಂತ ಅರ್ಧ ಗೇಣು ಕೆಳಗಿತ್ತು. ಒಳಗೆ ಸೀಟನ್ನೂ ಮುಂದಕ್ಕೆ ಸರಿಸಿ ಬಿಗಿದಿದ್ದರು. ತಾನು ಕೂತರೆ ಮೊಣಕಾಲು ಸ್ಟೇರಿಂಗ್ ಚಕ್ರಕ್ಕೆ ಬಡಿಯುವಷ್ಟು ಮುಂದೆ. ಗಿಡ್ಡ ಮನುಷ್ಯನೊಬ್ಬನಿಗೆ ಎಲ್ಲವೂ ಸರಿಯಾಗಿತ್ತು.

ಅಷ್ಟರಲ್ಲಿ ರಾಯರ ಹೆಂಡತಿ ಸರಸ್ವತಿಬಾಯಿ ಆರತಿ ತಟ್ಟೆ ಹಿಡಿದು ಹೊರಬಂದರು. ಹಿಂದೆ ಬಾಯಿಯವರ ತಮ್ಮ ದತ್ತಾತ್ರೇಯ; ಗಿಡ್ಡಗೆ, ಅಚ್ಚುಕಟ್ಟಾಗಿ ತಲೆ ಬಾಚಿಕೊಂಡ ಹುಡುಗಾಟದ ಮುಖದವನು. ರಾಯರು ತೆಂಗಿನಕಾಯಿಯನ್ನು ಅವನ ಕೈಗೆ ಕೊಟ್ಟರು.

"ರಾಯರ," ಎಂದ ದೇವಪ್ಪ.

"ಬಾರೋ ದೇವಪ್ಪ. ನಮ್ಮ ದತ್ತೂಗ ಧಾರವಾಡದಾಗ ಲೈಸನ್ಸ್ ಆಗೇದ ನೋಡು. ಮನಿ ಹುಡುಗ, ಹ್ಯಾಂಗ ಇಲ್ಲ ಅನ್ನಲಿ? ನೀ ಏನೂ ಚಿಂತಿ ಮಾಡಬ್ಯಾಡ, ಹೇರೋದು ಇಳಸೋದು ನೀನ ನೋಡಿಕೊ."

"ಗದಗಿನ ಕೆಲಸ ಬಿಟ್ಟು ಬಾ ಅಂದ್ರಿ."

"ಅಂದೆ. ಗಾಡಿ ಹೊಡಿ ಅಂತ ಯಾವಾಗರೆ ಅಂದೆನೇನು? ನೀನ ಹೇಳು."

ಅಂದಿರಲಿಲ್ಲ. ದೇವಪ್ಪ ನಿಂತಲ್ಲೇ ರಾಯರು ಹೇಳಿ ಕಳಿಸಿದ ದಿನದಿಂದ ಆಡಿದ ಒಂದೊಂದು ಮಾತನ್ನೂ ಹುಡುಕಿದ. ಆ ಮಾತೊಂದನ್ನು ಬಿಟ್ಟು ರಾಯರು ಎಲ್ಲವನ್ನೂ ಅಂದಿದ್ದರು.

ಕಾಯಿ ಒಡೆಯಿತು. ದೇವಪ್ಪ ಅತ್ತ ನೋಡದೆ, ಗಾಡಿಯ ಮರೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ ಅಕ್ಬರಸಾಬನ ಹತ್ತಿರ ಹೋದ.

"ಆ ಹುಡುಗನ ಕಾಲಿಗೆ ದಾರ ಯಾವಾಗ ಹಿಡದಿ?"

ಅಕ್ಬರಸಾಬ ಕೈ ಒರೆಸುತ್ತಲೇ ಇದ್ದ. "ನೀ ಕಟ್ಟಿಗಿ ತಂದೆಲ್ಲ, ಅದರ ಹಿಂದಿನ ದಿನ."

"ಹಿಂದಿನ ದಿನ."

"ರಾಯರು ಹೇಳಬ್ಯಾಡ ಅಂದ್ರು. ನೀ ಅಳತಿ ಕೊಡದಿದ್ರ ಗಾಡಿ ಆಗತಿದ್ದಿಲ್ಲೊ ದೇವ್ಯಾ. ನಾ ಏನ ಮಾಡ್ಲಿ?"

"ಕೊಕ್ಕರಿ ಕಾಲ ಅಂದಿ. ನಾನೂ ನಕ್ಕೆ."

ಅಕ್ಬರಸಾಬ ಏನೋ ಹೇಳಲು ಬಾಯಿ ತೆರೆದ. ದೇವಪ್ಪ ಕೇಳಲು ನಿಲ್ಲಲಿಲ್ಲ. ರಾಯರು ಮೋಸ ಮಾಡಿದರೆ ಊರಿಗೆ ಹೇಳಬಹುದು; ಈ ನಗೆಯನ್ನು ಯಾರಿಗೆ ಹೇಳುವುದು?

ಬಿಸಿಲೇರಿತ್ತು. ಊರ ಹಾದಿ ಹಿಡಿದು ಹಳ್ಳದ ಇಳಿಜಾರಿಗೆ ಬರುವ ಹೊತ್ತಿಗೆ ಹಿಂದಿನಿಂದ ಗಾಡಿಯ ಸದ್ದು ಕೇಳಿತು. ಬೆಳವಣಕಿಗೆ ಮೊದಲ ಸುತ್ತು. ದೇವಪ್ಪ ಹೊಲದ ಬದುವಿಗೆ ಸರಿದ. ದತ್ತಾತ್ರೇಯ ಗಾಡಿ ನಿಧಾನ ಮಾಡಿ, "ದೇವಪ್ಪನವರ, ಹಿಂದ ಜಾಗಾ ಅದರಿ, ಹತ್ರಿ" ಎಂದ. ಪಾಪ, ಅವನ ದನಿಯಲ್ಲಿ ಕುಹಕವಿರಲಿಲ್ಲ.

"ನೀವು ನಡೀರಿ. ಇಳಿಜಾರಿನ್ಯಾಗ ಬ್ರೇಕ್ ಒಮ್ಮೆಲೆ ತುಳೀಬ್ಯಾಡ್ರಿ, ಎತ್ತರದ ಗಾಡಿ."

ಗಾಡಿ ಜಾಡಿಗೆ ಇಳಿಯಿತು. ದೇವಪ್ಪನಿಗೆ ತಡೆಯಲಾಗಲಿಲ್ಲ. ಬದುವಿನಲ್ಲೇ ಕುಕ್ಕರಗಾಲಲ್ಲಿ ಕೂತು, ತಲೆ ಬಾಗಿಸಿ ಗಾಡಿಯ ಅಡಿಗೆ ಕಣ್ಣು ಹಾಯಿಸಿದ. ತಾಗಲಿ, ಒಂದೇ ಒಂದು ಸಲ ತಾಗಲಿ ಎಂದು ಅವನೊಳಗೆ ಯಾರೋ ಅಂದರು. ಗಾಡಿಯ ಹೊಟ್ಟೆಗೂ ದಿಣ್ಣೆಗೂ ನಡುವೆ ನಾಲ್ಕು ಬೆರಳಿನಷ್ಟು ಬೆಳಕು ಕಂಡಿತು. ಅವನು ಲೆಕ್ಕ ಹಾಕಿದ್ದೂ ನಾಲ್ಕೇ ಬೆರಳು. ಗಾಡಿ ಹಳ್ಳ ದಾಟಿ ಊರ ಕಡೆ ಹೋಯಿತು.

ಅವನು ಎದ್ದು ಜಾಡಿಗೆ ಬಂದು ನೋಡಿದ. ದಿಣ್ಣೆಯ ಮೇಲಿನ ಕರಿಕೆಯ ಒಂದೆಳೆಯೂ ಬಗ್ಗಿರಲಿಲ್ಲ. ದೇವಪ್ಪ ದಿಣ್ಣೆ ಹತ್ತಿ, ಕರಿಕೆಯನ್ನು ತುಳಿಯುತ್ತ, ಊರ ತನಕ ಅದರ ಮೇಲೆಯೇ ನಡೆದ.